ದುಡ್ಡು ವಾಪಸ್ ಬಂತಲ್ಲ ಎನ್ನುವವರಿಗೆ

“ವಿಮಾನ ರದ್ದಾದರೇನು, ಟಿಕೆಟ್ ದುಡ್ಡು ವಾಪಸ್ ಬಂತಲ್ಲ, ಮತ್ತಿನ್ನೇನು ನಿಮ್ಮ ತಕರಾರು?” ಎಂದು ಈ ಎರಡು ವಾರಗಳಲ್ಲಿ ನಾಲ್ಕು ಮಂದಿ ನನ್ನನ್ನು ಕೇಳಿದ್ದಾರೆ. ಇಬ್ಬರು ಸಹೋದ್ಯೋಗಿಗಳು, ಒಬ್ಬರು ನಮ್ಮ ಬೀದಿಯ ಔಷಧಿ ಅಂಗಡಿಯವರು, ಇನ್ನೊಬ್ಬರು ಸಾಕ್ಷಾತ್ ನನ್ನ ಭಾವ. ಎದುರಿಗೆ ನಿಂತು ಉತ್ತರ ಹೇಳಹೊರಟರೆ ಮಾತು ಎಲ್ಲೆಲ್ಲಿಗೋ ಹೋಗುತ್ತದೆಯಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಮನೆಯ ನಾಲ್ವರು ಮತ್ತು ಸಕಲೇಶಪುರದ ಅಕ್ಕ-ಭಾವ ಸೇರಿ ಒಟ್ಟು ಆರು ಮಂದಿ ಏಪ್ರಿಲ್ ಮೊದಲ ವಾರ ಅಂಡಮಾನಿಗೆ ಹೋಗುವುದೆಂದು ನವೆಂಬರಿನಲ್ಲೇ ನಿಶ್ಚಯಿಸಿ, ಕಡಿಮೆ ದರದ ಸಂಸ್ಥೆಯೊಂದರ ಬೆಂಗಳೂರು–ಪೋರ್ಟ್ ಬ್ಲೇರ್ ನೇರ ವಿಮಾನಕ್ಕೆ ಟಿಕೆಟ್ ಮಾಡಿಸಿದ್ದೆವು. (ಊರಿಗೆ 2024ರಿಂದ ಶ್ರೀ ವಿಜಯಪುರಂ ಎಂಬ ಹೆಸರಿದೆ, ನಮ್ಮ ಬಾಯಿಗೆ ಇನ್ನೂ ಬಂದಿಲ್ಲ.) ಆರು ಜನರ ದಿನ ಹೊಂದಿಸುವುದೇ ಒಂದು ದೊಡ್ಡ ಕೆಲಸವಾಗಿತ್ತು. ಭಾವನದು ರೋಬಸ್ಟಾ ಕಾಫಿ ತೋಟ; ಕೊಯ್ಲು ಮುಗಿದು, ಹೂವಿಗೆ ಸ್ಪ್ರಿಂಕ್ಲರ್ ನೀರು ಕೊಟ್ಟು, ಆಮೇಲೆ ಕಾಯಿ ಕಚ್ಚಲೆಂದು ಕೊಡುವ ಎರಡನೆಯ ನೀರೂ (ಬ್ಯಾಕಿಂಗ್) ಆದಮೇಲಷ್ಟೇ ಅವರು ತೋಟ ಬಿಟ್ಟು ಕದಲಬಲ್ಲರು. ಮಕ್ಕಳ ಪರೀಕ್ಷೆ ಮುಗಿಯಬೇಕು, ನನಗೂ ನನ್ನವಳಿಗೂ ಒಟ್ಟಿಗೆ ರಜೆ ಸಿಗಬೇಕು. ಇಷ್ಟೆಲ್ಲ ಕೂಡಿಬಂದದ್ದು ವರ್ಷದ ಆ ಒಂದೇ ವಾರದಲ್ಲಿ.

ಹೊರಡಲು 19 ದಿನ ಉಳಿದಿರುವಾಗ ಸಂದೇಶ ಬಂತು. ಆಗ ನಾನು ಹಾಸನದ ಕಟ್ಟಿನಕೆರೆ ಮಾರುಕಟ್ಟೆಯಲ್ಲಿ ಯುಗಾದಿಗೆಂದು ಮಾವಿನಸೊಪ್ಪು ಕೊಳ್ಳುತ್ತಿದ್ದೆ. ಒಂದು ಕೈಯಲ್ಲಿ ಸೊಪ್ಪಿನ ಕಂತೆ, ಇನ್ನೊಂದರಲ್ಲಿ ಮೊಬೈಲು. “ಕಾರ್ಯಾಚರಣೆಯ ಕಾರಣಗಳಿಂದ” ನಮ್ಮ ವಿಮಾನ ರದ್ದಾಗಿದೆ, ಹಣ ಮರಳಿ ಪಡೆಯಲು ಇಲ್ಲಿ ಒತ್ತಿ, ಎಂದಿತ್ತು. ಒತ್ತಲು ಇದ್ದದ್ದು ಅದೊಂದೇ ಗುಂಡಿ. ರದ್ದಾದದ್ದು ಆ ದಿನದ ವಿಮಾನವಲ್ಲ, ಮಾರ್ಚ್ ಕೊನೆಯ ಭಾನುವಾರದಿಂದ ಜಾರಿಗೆ ಬರುವ ಬೇಸಿಗೆ ವೇಳಾಪಟ್ಟಿಯಿಂದ ಆ ಮಾರ್ಗವನ್ನೇ ಕೈಬಿಟ್ಟಿದ್ದಾರೆ ಎಂಬುದು ಟ್ರಾವೆಲ್ ಏಜೆಂಟರಿಗೆ ಫೋನ್ ಮಾಡಿದ ಮೇಲೆ ತಿಳಿಯಿತು.

ಟಿಕೆಟ್ಟಿನ ಹಣ ಒಂದು ವಾರದಲ್ಲಿ ಬಂದಿತು, ನಿಜ. ಆದರೆ ನಮ್ಮ ಪ್ರವಾಸವೆಂದರೆ ಬರೀ ಟಿಕೆಟ್ಟಲ್ಲ. ಅಂಡಮಾನಿನ ಹ್ಯಾವ್‌ಲಾಕ್ ದ್ವೀಪದ ಹೋಟೆಲಿಗೆ ಮೂರು ರಾತ್ರಿಗೆಂದು ಕೊಟ್ಟ ಮುಂಗಡ, 30 ದಿನದೊಳಗೆ ರದ್ದು ಮಾಡಿದರೆ ಹಿಂತಿರುಗಿಸುವುದಿಲ್ಲವೆಂಬ ಷರತ್ತಿನಂತೆ ಹೋಯಿತು. ಆ ದ್ವೀಪಕ್ಕೆ ಹೋಗುವ ಹಡಗಿನ ಟಿಕೆಟ್ಟಿನಲ್ಲಿ ಅರ್ಧ ಕಡಿದುಕೊಂಡರು. ಹಾಸನದಿಂದ ದೇವನಹಳ್ಳಿಗೆ ಗೊತ್ತುಮಾಡಿದ್ದ ಗಾಡಿಯವನು ಮಾತ್ರ, ಪುಣ್ಯಾತ್ಮ, ಪೂರ್ತಿ ಹಣ ಕೊಟ್ಟ. ಒಟ್ಟು 38,400 ರೂಪಾಯಿ ಕೈಬಿಟ್ಟಿತು. ಹೋಗಿಯೇ ತೀರುವುದೆಂದು ಬೇರೆ ಸಂಸ್ಥೆಗಳನ್ನು ನೋಡಿದರೆ, ಚೆನ್ನೈ ಮೇಲೆ ಹೋಗುವ ವಿಮಾನಕ್ಕೆ ನಾವು ಕೊಟ್ಟಿದ್ದರ ಎರಡೂವರೆ ಪಟ್ಟು. ನವೆಂಬರಿನ ರೂಪಾಯಿಯನ್ನು ಮಾರ್ಚಿನಲ್ಲಿ ಅಷ್ಟೇ ಲೆಕ್ಕಕ್ಕೆ ಹಿಂತಿರುಗಿಸಿದರೂ ಅದಕ್ಕೆ ಆ ಸೀಟು ಸಿಗುವುದಿಲ್ಲ ಎಂಬ ಸರಳ ಸಂಗತಿಯನ್ನು “ದುಡ್ಡು ಬಂತಲ್ಲ” ಎನ್ನುವವರು ಮರೆಯುತ್ತಾರೆ.

ಸಂಸ್ಥೆಯ ಕಷ್ಟ ನನಗೆ ಅರ್ಥವಾಗದ್ದೇನಲ್ಲ. ಅಂಡಮಾನಿಗೆ ಹೋಗಿ ಬರುವುದರೊಳಗೆ ವಿಮಾನದ ಐದಾರು ಗಂಟೆ ಕಳೆಯುತ್ತದೆ. ಅಷ್ಟರಲ್ಲಿ ಅದೇ ವಿಮಾನ ಮುಂಬಯಿಗೆ ಒಂದು ಸಲ ಹೋಗಿ ಬಂದು ಇನ್ನೊಂದು ಸಲಕ್ಕೂ ಹೊರಟಿರಬಹುದು. ಮುಂಬಯಿಗೆ ಕಚೇರಿಯ ಖರ್ಚಿನಲ್ಲಿ, ಕೊನೆಯ ಗಳಿಗೆಯಲ್ಲಿ, ದರ ಕೇಳದೆ ಹತ್ತುವವರಿರುತ್ತಾರೆ. ದ್ವೀಪಕ್ಕೆ ಹೋಗುವವರೋ ನಮ್ಮಂಥವರು, ನೂರು ರೂಪಾಯಿ ಕಡಿಮೆ ಇರುವ ದಿನ ಹುಡುಕಿ ಟಿಕೆಟ್ ಮಾಡಿಸುವವರು. ಜೊತೆಗೆ ಪ್ರಾಟ್ ಅಂಡ್ ವಿಟ್ನಿ ಎಂಜಿನ್ನುಗಳ ಲೋಹದ ದೋಷ 2023ರಲ್ಲಿ ಹೊರಬಿದ್ದ ಮೇಲೆ ಜಗತ್ತಿನಾದ್ಯಂತ ನೂರಾರು ವಿಮಾನಗಳು ತಪಾಸಣೆಗೆಂದು ನೆಲಕ್ಕಿಳಿದವು. ವಿಮಾನ ಕಡಿಮೆ ಬಿದ್ದಾಗ ಮೊದಲು ಕತ್ತರಿ ಬೀಳುವುದು ವಿಹಾರದ ಮಾರ್ಗಗಳಿಗೇ. ನಷ್ಟದ ಮಾರ್ಗವನ್ನು ಓಡಿಸಲೇಬೇಕೆಂದು ಯಾರೂ ಹೇಳುತ್ತಿಲ್ಲ. ಓಡಿಸುತ್ತೇವೋ ಇಲ್ಲವೋ ಎಂದು ತಮಗೇ ಖಾತ್ರಿಯಿಲ್ಲದ ವಿಮಾನದ ಸೀಟನ್ನು ಐದು ತಿಂಗಳು ಮೊದಲೇ ಮಾರಿ, ಆ ಹಣವನ್ನು ಅಷ್ಟೂ ಕಾಲ ಬಡ್ಡಿಯಿಲ್ಲದೆ ಇಟ್ಟುಕೊಂಡು, ಆಮೇಲೆ ಕೈ ಝಾಡಿಸಿಕೊಳ್ಳುವುದಕ್ಕೆ ನನ್ನ ಆಕ್ಷೇಪ.

ಶಿರಾಡಿ ಘಾಟಿಯಲ್ಲಿ ಓಡಾಡಿದವರಿಗೆಲ್ಲ ಗೊತ್ತಿರುವ ಒಂದು ದೃಶ್ಯವಿದೆ. ಕೆಂಪು ಬಸ್ಸು ಕೆಟ್ಟು ನಿಂತರೆ ಕಂಡಕ್ಟರ್ ರಸ್ತೆಗಿಳಿದು, ಹಿಂದೆ ಬರುವ ಬಸ್ಸಿಗೆ ಕೈ ಅಡ್ಡ ಹಾಕಿ, ಅದು ಯಾವ ಡಿಪೋದ್ದೇ ಇರಲಿ, ತನ್ನ ಪ್ರಯಾಣಿಕರನ್ನು ಅದೇ ಟಿಕೆಟ್ಟಿನ ಮೇಲೆ ಹತ್ತಿಸುತ್ತಾನೆ. ಮಕ್ಕಳಿರುವವರನ್ನೂ ವಯಸ್ಸಾದವರನ್ನೂ ಮೊದಲು ಕಳಿಸಿ, ಉಳಿದವರಿಗೆ ಮುಂದಿನ ಬಸ್ಸು ಬರುವ ತನಕ ತಾನೂ ಕಾಯುತ್ತಾನೆ. ನಿಂತುಕೊಂಡೇ ಹೋಗಬೇಕಾದೀತು, ತಡವಾದೀತು, ಆದರೆ ಊರು ಮುಟ್ಟಿಸುವುದು ಬಸ್ಸಿನವರ ಹೊಣೆಯೇ ಹೊರತು ಟಿಕೆಟ್ ಕೊಂಡವರದಲ್ಲ ಎಂಬ ತಿಳಿವಳಿಕೆ ಅಲ್ಲಿದೆ. ವಿಮಾನದಲ್ಲಿ ಕಡಿಮೆ ದರದ ಸಂಸ್ಥೆಗಳು ಸಾಮಾನ್ಯವಾಗಿ ತಮ್ಮದಲ್ಲದ ವಿಮಾನಕ್ಕೆ ನಮ್ಮನ್ನು ಹತ್ತಿಸುವುದಿಲ್ಲ. ತಮ್ಮ ಮಾರ್ಗವೇ ಇಲ್ಲವೆಂದ ಮೇಲೆ ಪರ್ಯಾಯವೂ ಇಲ್ಲ.

ನಿಯಮ ಏನು ಹೇಳುತ್ತದೆ? ವಿಮಾನಯಾನದ ನಿಯಂತ್ರಕ ಸಂಸ್ಥೆ ಡಿಜಿಸಿಎಯ ನಿಯಮದಂತೆ ವಿಮಾನ ರದ್ದಾದರೆ ಪ್ರಯಾಣಿಕರಿಗೆ ಒಪ್ಪಿಗೆಯಾಗುವಂತೆ ಬದಲಿ ವಿಮಾನವನ್ನೋ ಹಣವನ್ನೋ ಕೊಡಬೇಕು. ಹೊತ್ತಿಗೆ ಸರಿಯಾಗಿ ತಿಳಿಸದೆ ರದ್ದು ಮಾಡಿದರೆ ಹಾರಾಟದ ಅವಧಿ ನೋಡಿ 5,000ದಿಂದ 10,000 ರೂಪಾಯಿವರೆಗೆ ಪರಿಹಾರವೂ ಇದೆ. ಎರಡು ವಾರ ಮೊದಲೇ ತಿಳಿಸಿದ್ದರೆ ಆ ಪರಿಹಾರವಿಲ್ಲ. ನಮಗೆ ತಿಳಿಸಿದ್ದು 19 ದಿನ ಮೊದಲು. ಬಸ್ಸಿರುವ ಊರಿಗೆ ಎರಡು ವಾರ ಸಾಕೇನೋ. ಚೆನ್ನೈಯಿಂದ ಹಡಗು ಹಿಡಿದರೆ ಸುಮಾರು ಮೂರು ದಿನ ಸಮುದ್ರದ ಮೇಲಿರಬೇಕಾದ ದ್ವೀಪಕ್ಕೂ ಅದೇ ಎರಡು ವಾರ ಎಂಬುದು ಯಾವ ನ್ಯಾಯ? ಇನ್ನು “ಒಪ್ಪಿಗೆಯಾಗುವಂತೆ” ಎಂಬ ಪದವೇನೋ ಚೆನ್ನಾಗಿದೆ. ನಮಗೆ ಒಪ್ಪಿಗೆಯೇ ಎಂದು ಕೇಳಿದವರು ಯಾರೂ ಇಲ್ಲ.

ಮುಂಗಡದ ವಿಚಾರವಾಗಿ ಹೋಟೆಲಿನವರಿಗೆ ಫೋನ್ ಮಾಡಿದಾಗ ನಾನು ಸ್ವಲ್ಪ ಏರುದನಿಯಲ್ಲೇ ಮಾತಾಡಿದೆ. ಆ ಕಡೆಯ ಹೆಂಗಸು ಕೇಳುವಷ್ಟು ಕೇಳಿ, ತಮಿಳು ಬೆರೆತ ಹಿಂದಿಯಲ್ಲಿ, “ನೀವು ಊಟಿಗಾದರೂ ಹೋಗುತ್ತೀರಿ ಸಾರ್, ನಮಗೆ ದೊಡ್ಡ ಆಸ್ಪತ್ರೆಗೆ ಚೆನ್ನೈಗೆ ಹೋಗಬೇಕಾದರೂ ವಿಮಾನವೇ ಗತಿ” ಎಂದರು. ವಿಮಾನ ಕಡಿಮೆಯಾದಷ್ಟೂ ಉಳಿದ ವಿಮಾನಗಳ ದರ ಏರುತ್ತದೆ. ಆ ಏರಿದ ದರವನ್ನು ತೆರುವವರು ಅವರು. 2011ರ ಜನಗಣತಿಯಂತೆ 3.8 ಲಕ್ಷ ಜನರಿರುವ ಜಾಗವನ್ನು ನಾವು ವಿಹಾರದ್ವೀಪವೆಂದು ಕರೆದು ಮುಗಿಸುತ್ತೇವೆ. ಆಮೇಲೆ ಮುಂಗಡದ ಮಾತನ್ನು ನಾನು ಎತ್ತಲಿಲ್ಲ.

“ಕಡಿಮೆ ದುಡ್ಡಿಗೆ ಕಡಿಮೆ ಭರವಸೆ” ಎಂಬ ವಾದವನ್ನು ಹಾಸನದವನಾಗಿ ನಾನು ಒಪ್ಪಲಾರೆ. ಸಾಮಾನ್ಯರೂ ವಿಮಾನ ಹತ್ತಲಿ ಎಂದು 2003ರಲ್ಲಿ ಏರ್ ಡೆಕ್ಕನ್ ಶುರುಮಾಡಿ, ಒಂದು ರೂಪಾಯಿಗೂ ಟಿಕೆಟ್ ಮಾರಿದ ಕ್ಯಾಪ್ಟನ್ ಗೋಪಿನಾಥ್ ನಮ್ಮ ಗೊರೂರಿನವರು. ಆ ಸಂಸ್ಥೆ ಉಳಿಯಲಿಲ್ಲ, ಅದನ್ನು ನುಂಗಿದ ಕಿಂಗ್‌ಫಿಷರ್ ಕೂಡ 2012ರಲ್ಲಿ ನಿಂತಿತು. 2023ರ ಮೇ ತಿಂಗಳಲ್ಲಿ ಗೋ ಫಸ್ಟ್ ವಿಮಾನ ಸಂಸ್ಥೆ ಹಾರಾಟ ನಿಲ್ಲಿಸಿದಾಗ ಟಿಕೆಟ್ ಕೊಂಡವರೂ ದಿವಾಳಿ ಪ್ರಕ್ರಿಯೆಯಲ್ಲಿ ಹಕ್ಕು ಮಂಡಿಸುವವರ ಸಾಲಿನಲ್ಲಿ ನಿಂತರು. ಅವೆಲ್ಲ ಮುಳುಗಿದ ಸಂಸ್ಥೆಗಳು. ನಮ್ಮ ಟಿಕೆಟ್ ರದ್ದು ಮಾಡಿದ ಸಂಸ್ಥೆ ಮುಳುಗಿಲ್ಲ, ಇವತ್ತು ಬೆಳಿಗ್ಗೆಯೂ ಗೋವಾಕ್ಕೆ ರಿಯಾಯಿತಿ ಎಂದು ನನ್ನ ಮೊಬೈಲಿಗೆ ಸಂದೇಶ ಕಳಿಸಿದೆ.

ಹಾಸನದ ಬೂವನಹಳ್ಳಿಯಲ್ಲಿ ನಮ್ಮದೇ ವಿಮಾನ ನಿಲ್ದಾಣ ಆಗುತ್ತದೆಂದು ಕಾಯುತ್ತಿರುವ ನಾವು ಇದನ್ನು ದ್ವೀಪದವರ ಪಾಡೆಂದು ಬಿಡುವಂತಿಲ್ಲ. ಸಣ್ಣ ಊರುಗಳಿಗೂ ವಿಮಾನ ಓಡಿಸಲು ಸಹಾಯಧನ ಕೊಡುವ ಕೇಂದ್ರದ ಉಡಾನ್ ಯೋಜನೆಯ ಮೊದಲ ಮೂರು ಸುತ್ತುಗಳಲ್ಲಿ ಹಂಚಿದ 774 ಮಾರ್ಗಗಳಲ್ಲಿ ಆರಂಭವಾದವು 371, ಮೂರು ವರ್ಷದ ಸಹಾಯಧನದ ಅವಧಿ ಪೂರೈಸಿದವು 112, ಆಮೇಲೂ ಉಳಿದವು 54 ಎಂದು ಸರ್ಕಾರದ ಲೆಕ್ಕ ಪರಿಶೋಧಿಸುವ ಸಿಎಜಿಯ 2023ರ ವರದಿ ಹೇಳುತ್ತದೆ. ರನ್‌ವೇ ಕಟ್ಟಿದ ಮಾತ್ರಕ್ಕೆ ವಿಮಾನ ಬರುತ್ತಲೇ ಇರುತ್ತದೆಂದು ಯಾರೂ ಬರೆದುಕೊಟ್ಟಿಲ್ಲ.

ಬದಲಿ ಸೀಟಿಗಾಗಿ ಸಂಸ್ಥೆಗೆ ಎರಡು ಪತ್ರ ಬರೆದೆ. ಎರಡಕ್ಕೂ ಅಕ್ಷರವೂ ಬದಲಾಗದ ಒಂದೇ ಉತ್ತರ ಬಂತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದಾದ್ದರಿಂದ ಮುಂದಿನ ವಾರ ಹಾಸನದಲ್ಲೇ ಸಲ್ಲಿಸುತ್ತಿದ್ದೇನೆ. ಕೋರ್ಟು ಅಲೆಯುವ ಖರ್ಚು 38,400 ದಾಟುತ್ತದೆ ಎಂದು ಭಾವ ನಗುತ್ತಿದ್ದಾರೆ. ದೂರಿನಲ್ಲಿ ಅವರ ಸಹಿಯೂ ಬೇಕು ಎಂದಿದ್ದೇನೆ, ಭಾನುವಾರ ಬರುತ್ತಾರಂತೆ. ಇದೇ ಮಾರ್ಗದಲ್ಲಿ ಟಿಕೆಟ್ ಕಳೆದುಕೊಂಡವರು ಈ ಕಡೆ ಇನ್ನೂ ಯಾರಾದರೂ ಇದ್ದರೆ, ರದ್ದಾದ ಸಂದೇಶವನ್ನು ಅಳಿಸದೆ, ಹೋಟೆಲು–ಹಡಗಿನ ರಸೀದಿಗಳ ಜೊತೆ ಇಟ್ಟುಕೊಂಡು ನನ್ನನ್ನು ಸಂಪರ್ಕಿಸಿ.