ಕುತ್ತಿಗೆ ಯಾರದು, ಜುಟ್ಟು ಯಾರ ಕೈಲಿ?

ಅಪ್ಪನಿಗೆ ಕುತ್ತಿಗೆಯ ಡಿಸ್ಕ್ ಜಾರಿದಾಗ ಮೂವರು ಡಾಕ್ಟರುಗಳ ಹತ್ತಿರ ಹೋಗಿದ್ದೆವು. ಇಬ್ಬರು ಆಪರೇಷನ್ ಅಂದರು. ಒಬ್ಬರು ಕಾಲರ್ ಹಾಕಿಕೊಂಡು ಕಾಯಿರಿ ಅಂದರು. ಕೊನೆಗೆ ತೀರ್ಮಾನ ಅಪ್ಪನದ್ದೇ. ಅವರ ಆಫೀಸಿನ ಮ್ಯಾನೇಜರನ್ನೂ ಒಂದು ಮಾತು ಕೇಳೋಣ ಅಂತ ಯಾರಿಗೂ ಹೊಳೆಯಲಿಲ್ಲ. ಯಾಕೆ ಹೊಳೆಯಬೇಕು, ಅಲ್ವಾ?

ಅಮೆರಿಕ-ಕೆನಡಾದ ಹಾಕಿ ಲೀಗ್ ಎನ್‌ಎಚ್‌ಎಲ್‌ನಲ್ಲಿ ಕೇಳಬೇಕು. (ಹಾಕಿ ಅಂದರೆ ಕೊಡಗು ಅನ್ನುವವರು ಸ್ವಲ್ಪ ತಾಳಿ, ಇದು ಐಸ್ ಹಾಕಿ.) ಜ್ಯಾಕ್ ಐಕೆಲ್ ಆಗ ಬಫಲೊ ಸೇಬರ್ಸ್ ತಂಡದ ಕ್ಯಾಪ್ಟನ್. 8 ವರ್ಷಕ್ಕೆ 8 ಕೋಟಿ ಡಾಲರ್ ಒಪ್ಪಂದ. 2021ರ ಮಾರ್ಚ್‌ನಲ್ಲಿ ಆಟದ ನಡುವೆ ಪೆಟ್ಟು ಬಿದ್ದು ಕುತ್ತಿಗೆಯ ಡಿಸ್ಕ್ ಜಾರಿತು. ಆಪರೇಷನ್ ಬೇಕೇ ಬೇಕು ಅಂತಾದರೆ ಎರಡು ಮೂಳೆ ಬೆಸೆಯೋಣ ಅಂದರು ತಂಡದ ಡಾಕ್ಟರುಗಳು. ಇಲ್ಲ, ನಾನು ಕೃತಕ ಡಿಸ್ಕ್ ಹಾಕಿಸಿಕೊಳ್ತೀನಿ ಅಂದ ಇವನು. ಬೆಸೆದರೆ ಮುಂದೆ ಅಕ್ಕಪಕ್ಕದ ಡಿಸ್ಕ್‌ಗಳೂ ಸವೆದು ಮತ್ತೆ ಮತ್ತೆ ಆಪರೇಷನ್ ಆದೀತು ಅನ್ನೋ ಭಯ ಅವನಿಗೆ. ತಂಡದ ಭಯವೂ ಸುಳ್ಳಲ್ಲ. ಕೃತಕ ಡಿಸ್ಕ್ ಹಾಕಿಸಿಕೊಂಡು ಎನ್‌ಎಚ್‌ಎಲ್‌ನಲ್ಲಿ ಆಡಿದವರು ಆಗ ಒಬ್ಬರೂ ಇರಲಿಲ್ಲ. ಆಟಗಾರರ ಸಂಘ ಲೀಗ್ ಜೊತೆ ಮಾಡಿಕೊಂಡ ಕರಾರಿನಲ್ಲಿ ಇಂಥದ್ದಕ್ಕೆ ಕೊನೆಯ ಮಾತು ತಂಡದ್ದಾಗಿತ್ತು.

ಸರಿ, ನನ್ನನ್ನು ಬೇರೆ ತಂಡಕ್ಕಾದರೂ ಕಳಿಸಿ ಅಂದರೆ, ಅದಕ್ಕೂ ಒಂದು ತೊಡಕು. ಆಟಗಾರನನ್ನು ಕೇಳದೆ ಎಲ್ಲಿಗೂ ಕಳಿಸುವಂತಿಲ್ಲ ಅನ್ನೋ ಷರತ್ತು ಅವನ ಒಪ್ಪಂದದಲ್ಲಿತ್ತು. ಆದರೆ ಅದು ಜಾರಿಗೆ ಬರೋದು 2022ರ ಜುಲೈನಲ್ಲಿ. ಅಲ್ಲಿವರೆಗೆ ಅವನ ಜುಟ್ಟು ಬಫಲೊ ಕೈಯಲ್ಲಿ. ಇವನ ಕೈಯಲ್ಲಿದ್ದದ್ದು ಒಂದೇ: ಆಡದೆ ಕೂರುವುದು. ಎಮ್ಮೆ ನೀರಲ್ಲಿ ಮಲಗಿರುವಾಗ ದಡದಲ್ಲಿ ನಿಂತು ಬೆಲೆ ಕಟ್ಟಿದ ಹಾಗಾಯಿತು. (ಊರಿನ ಹೆಸರೇ ಬಫಲೊ, ನಾನೇನು ಮಾಡಲಿ!) ಕೊಳ್ಳುವವರಿಗೂ ಅವನ ಆಟ ನೋಡಲು ಸಿಗುತ್ತಿಲ್ಲ. ಕೈಗೆ ಬರುವುದು ಎಕ್ಸ್‌ರೇ, ಎಂಆರ್‌ಐ ಫೈಲು. ಸೆಪ್ಟೆಂಬರ್‌ನಲ್ಲಿ ಕ್ಯಾಪ್ಟನ್ ಪಟ್ಟವೂ ಹೋಯಿತು.

ಬಫಲೊದ ಆಗಿನ ಜನರಲ್ ಮ್ಯಾನೇಜರ್ ಕೆವಿನ್ ಆಡಮ್ಸ್ ಒಳ್ಳೆಯ ಬೆಲೆಗೆ ಕಾದು ಕೂತದ್ದನ್ನು ನಾನು ತಪ್ಪು ಅನ್ನಲ್ಲ. ಅದು ಅವರ ಕೆಲಸವಾಗಿತ್ತು. ಅಷ್ಟು ಸಂಬಳ ತಗೊಂಡು ಇದೇನು ಗೋಳು ಅನ್ನುವವರ ಮಾತು ಮಾತ್ರ ನನಗೆ ಒಗ್ಗಲ್ಲ. ಸಂಬಳ ಕೊಟ್ಟವರು ಆಡಿಸಲಿ, ಬೆಂಚಿನಲ್ಲಿ ಕೂರಿಸಲಿ, ಮಾರಲಿ. ಯಾವ ಆಪರೇಷನ್ ಅನ್ನೋದನ್ನೂ ಅವರೇ ಹೇಳ್ತಾರೆ ಅಂದರೆ ಚೌಕಾಸಿಗೆ ಕೂತವನ ಕುತ್ತಿಗೆಯೇ ಮೇಜಿನ ಮೇಲಿದ್ದ ಹಾಗೆ.

ನವೆಂಬರ್ 4ಕ್ಕೆ ವೇಗಸ್ ತಂಡ ಕೊಂಡಿತು. ಅಲೆಕ್ಸ್ ಟಕ್, ಪೇಟನ್ ಕ್ರೆಬ್ಸ್, ಜೊತೆಗೆ ಎರಡು ಡ್ರಾಫ್ಟ್ ಪಿಕ್ (ಹೊಸ ಹುಡುಗರನ್ನು ಆರಿಸಿಕೊಳ್ಳುವ ಸರದಿ) ಬಫಲೊಗೆ. ವಾರ ಕಳೆಯುತ್ತಿದ್ದಂತೆ ಅವನು ಕೇಳಿದ ಆಪರೇಷನ್ನೇ ಆಯಿತು. ಫೆಬ್ರವರಿಗೆ ಮೈದಾನದಲ್ಲಿ. 2023ರಲ್ಲಿ ವೇಗಸ್ ಲೀಗಿನ ಚಾಂಪಿಯನ್ ಆಗಿ ಸ್ಟ್ಯಾನ್ಲಿ ಕಪ್ ಗೆದ್ದಾಗ ಪ್ಲೇಆಫ್‌ನಲ್ಲಿ ಎಲ್ಲರಿಗಿಂತ ಜಾಸ್ತಿ, 26 ಪಾಯಿಂಟ್ (ಹೊಡೆದ ಗೋಲು, ಗೋಲಿಗೆ ಕೊಟ್ಟ ಪಾಸು ಎರಡೂ ಸೇರಿ) ಇವನದ್ದೇ.

ಆದರೆ ನನಗೆ ಕಪ್‌ಗಿಂತ ನೆನಪಿರೋದು 2022ರ ಮಾರ್ಚ್ 10. ಐಕೆಲ್ ಮೊದಲ ಸಲ ಬಫಲೊಗೆ ಎದುರಾಳಿಯಾಗಿ ಬಂದ. ಪಕ್ (ಐಸ್ ಹಾಕಿಯಲ್ಲಿ ಚೆಂಡಿನ ಬದಲಿಗಿರೋ ಬಿಲ್ಲೆ) ಮುಟ್ಟಿದಾಗೆಲ್ಲ ಊರವರ ಬೂ ಬೂ. ಕೊನೆಯ ಗಳಿಗೆಯಲ್ಲಿ ಇನ್ನೊಬ್ಬ ಆಟಗಾರನನ್ನು ಇಳಿಸಲು ವೇಗಸ್ ತನ್ನ ಗೋಲ್‌ಕೀಪರನ್ನು ಹೊರಗೆ ಕರೆಸಿಕೊಂಡಿತ್ತು. ಐಕೆಲ್ ಕೋಲಿನಿಂದ ಪಕ್ ಕಸಿದು ಖಾಲಿ ಗೋಲ್ ಪೆಟ್ಟಿಗೆಗೆ ಹೊಡೆದವನು ಯಾರು ಗೊತ್ತಾ? ಅವನಿಗೆ ಬದಲಾಗಿ ಬಂದ ಟಕ್. ಚಿಕ್ಕಂದಿನಿಂದಲೂ ಸೇಬರ್ಸ್ ಅಭಿಮಾನಿ ಅವನು.