ಮಳೆಗೆ ಪ್ರವಾಸ ನಿಂತರೆ ಎಲ್ಲ ದುಡ್ಡೂ ವಾಪಸ್? ಸತ್ಯಾಂಶ

ಮಳೆಗಾಲ ಬಂತೆಂದರೆ ಬೆಳಗಾವಿ, ವಿಜಯಪುರದ ಫ್ಯಾಮಿಲಿ ಗ್ರೂಪುಗಳಲ್ಲಿ ಒಂದು ಮೆಸೇಜ್ ಸುತ್ತುತ್ತದೆ. ರೈಲು ಟಿಕೆಟ್ ಬುಕ್ ಮಾಡುವಾಗ ಇನ್ಶೂರೆನ್ಸಿಗೆ ಟಿಕ್ ಹಾಕಿದರೆ ಸಾಕು, ಪ್ರವಾಹಕ್ಕೆ ಪ್ರವಾಸ ನಿಂತರೂ ಹೋಟೆಲ್ ಖರ್ಚು ಸಮೇತ ವಾಪಸ್ ಅಂತ. ಹಾಗೇನಿಲ್ಲ.

ಐಆರ್‌ಸಿಟಿಸಿಯ ಆ ವಿಮೆ ರೈಲು ಅಪಘಾತದಂಥ ಘಟನೆಗೆ: ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯಕ್ಕೆ 10 ಲಕ್ಷ ರೂ., ಆಸ್ಪತ್ರೆ ಖರ್ಚಿಗೆ 2 ಲಕ್ಷದವರೆಗೆ. ರೂಮಿನ ಅಡ್ವಾನ್ಸ್ ಅದರಲ್ಲಿಲ್ಲ. ರೈಲ್ವೆಯೇ ರೈಲು ರದ್ದು ಮಾಡಿದರೆ ಇ-ಟಿಕೆಟ್ ದರ ತಾನಾಗೇ ಖಾತೆಗೆ ಬರುತ್ತದೆ. ಅದು ರಿಫಂಡ್, ವಿಮೆಯಲ್ಲ. ಗೊಂದಲ ಹುಟ್ಟಿದ್ದು ಬಹುಶಃ ಇಲ್ಲೇ. ಟಿಕೆಟ್ ಆದ ಮೇಲೆ ವಿಮಾ ಕಂಪನಿಯಿಂದ ಮೆಸೇಜ್, ಇಮೇಲ್ ಬರುತ್ತದೆ. ಯಾವುದಕ್ಕೆ ಎಷ್ಟು ಅಂತ ಅದರಲ್ಲೇ ನೋಡಬಹುದು. ನಾಮಿನಿ ಹೆಸರು ತುಂಬುವುದೂ ಅಲ್ಲೇ, ಬಹಳ ಜನ ತುಂಬುವುದಿಲ್ಲ.

ಬೇರೆಯಾಗಿ ಕೊಳ್ಳುವ ಟ್ರಾವೆಲ್ ಪಾಲಿಸಿಗಳಲ್ಲಿ ಕೆಲವಕ್ಕೆ ನೈಸರ್ಗಿಕ ವಿಕೋಪದ ಕವರ್ ಉಂಟು. ಪಾಲಿಸಿ ವರ್ಡಿಂಗ್ (ಪೂರ್ತಿ ಷರತ್ತುಗಳಿರುವ ದಾಖಲೆ) ಪಿಡಿಎಫ್ ತೆರೆದು ‘ಟ್ರಿಪ್ ಕ್ಯಾನ್ಸಲೇಶನ್’ ಭಾಗ ಓದಿ: ಪ್ರವಾಹ, ಭೂಕಂಪ, ಚಂಡಮಾರುತದ ಹೆಸರು ಅಲ್ಲಿರಬೇಕು. ಬ್ರೋಷರ್ ನಂಬಬೇಡಿ. ಆಮೇಲೆ ‘ಎಕ್ಸ್‌ಕ್ಲೂಷನ್ಸ್’, ಅಂದರೆ ಯಾವುದಕ್ಕೆ ಪರಿಹಾರ ಇಲ್ಲ ಎಂಬ ಪಟ್ಟಿ ಓದಿ, ಕ್ಲೇಮ್ ಬಿದ್ದುಹೋಗುವುದು ಹೆಚ್ಚಾಗಿ ಇಲ್ಲೇ. ಕೊಡಗಿಗೆ ರೆಡ್ ಅಲರ್ಟ್ ಬಂದ ಮೇಲೆ ಪಾಲಿಸಿ ಕೊಂಡರೆ ಆ ಮಳೆಗೆ ಪರಿಹಾರ ಸಾಮಾನ್ಯವಾಗಿ ಸಿಗದು. ದಾರಿ ತೆರೆದಿದ್ದೂ ಹೆದರಿ ನೀವೇ ರದ್ದು ಮಾಡಿದರೂ ಅಷ್ಟೇ.

ಕ್ಲೇಮಿಗೆ ಬುಕಿಂಗ್ ರಸೀದಿ, ಎಷ್ಟು ಹಣ ಮುರಿದುಕೊಂಡರು ಎಂಬ ಹೋಟೆಲಿನ ಇಮೇಲ್, ರಸ್ತೆ ಬಂದ್ ಆದ ಆದೇಶದ ಪ್ರತಿ ತೆಗೆದಿಟ್ಟುಕೊಳ್ಳಿ. ಕಂಪನಿ ಸರಿಯಾಗಿ ಸ್ಪಂದಿಸದಿದ್ದರೆ ವಿಮಾ ನಿಯಂತ್ರಣ ಪ್ರಾಧಿಕಾರದ 155255ಕ್ಕೆ ದೂರು ಕೊಡಬಹುದು.