ಸತ್ಯಾಂಶ: ಜಿಬಿ ಜಾಸ್ತಿ ಇದ್ದರೆ ಗೇಮ್ ಜೋರಾಗುತ್ತದೆಯೇ?

"ಗ್ರಾಫಿಕ್ಸ್ ಕಾರ್ಡಿನಲ್ಲಿ ಜಿಬಿ ಜಾಸ್ತಿ ಇದ್ದಷ್ಟೂ ಸ್ಪೀಡ್, 2 ಬಿಟ್ಟು 4 ಜಿಬಿನೇ ತಗೊಳ್ಳಿ" ಎಂಬ ವಾಟ್ಸಾಪ್ ಸಂದೇಶ ಹಾಸನದ ಫೋಟೊಗ್ರಾಫರ್‌ಗಳ ಗುಂಪಿನಲ್ಲೂ ಸುತ್ತುತ್ತಿದೆ. ಅರ್ಧ ಮಾತು ಅದು. ಗ್ರಾಫಿಕ್ಸ್ ಕಾರ್ಡು ಎಂದರೆ ಕಂಪ್ಯೂಟರ್ ಪರದೆಯ ಚಿತ್ರ ಮೂಡಿಸುವ ಭಾಗ; ಜಿಬಿ ಅದರ ಮೆಮೊರಿಯ ಗಾತ್ರವಷ್ಟೇ, ವೇಗವಲ್ಲ.

2014ರ ಜಿಟಿ 730 ಕಾರ್ಡು 4 ಜಿಬಿಯಲ್ಲೂ ಬಂತು, ಹಳೆಯ ಡಿಡಿಆರ್3 ಮೆಮೊರಿಯೊಂದಿಗೆ. 2016ರ ಜಿಟಿಎಕ್ಸ್ 1050ರಲ್ಲಿ 2 ಜಿಬಿಯೇ. ಆದರೆ ಅದು ಹೆಚ್ಚು ವೇಗದ ಜಿಡಿಡಿಆರ್5 ಮೆಮೊರಿ, ಸೆಕೆಂಡಿಗೆ 112 ಜಿಬಿ ಸಾಗಿಸುತ್ತದೆ. ಮೊದಲನೆಯದು ಅದರ ಮೂರನೇ ಒಂದು ಭಾಗವನ್ನೂ ಮುಟ್ಟುವುದಿಲ್ಲ. ಕೆರೆ ಎಷ್ಟು ದೊಡ್ಡದಾದರೇನು, ತೂಬು ಸಣ್ಣದಾದರೆ ಗದ್ದೆಗೆ ನೀರು ಹೋದೀತೇ?

ಹಾಗಂತ ಜಿಬಿ ಲೆಕ್ಕಕ್ಕೇ ಇಲ್ಲವೆಂದಲ್ಲ. ಇವತ್ತಿನ ಗೇಮ್‌ಗಳಿಗೆ 2 ಜಿಬಿ ಸಾಲದು. ಮೊದಲು ಕಾರ್ಡಿನ ಚಿಪ್ (ಲೆಕ್ಕ ಮಾಡುವ ಭಾಗ) ಮತ್ತು ಮೆಮೊರಿಯ ವೇಗ ನೋಡಿ, ಆಮೇಲೆ ಜಿಬಿ. ಮದುವೆಯ ನೂರಾರು ರಾ ಫೈಲ್ (ಕ್ಯಾಮೆರಾದ ಮೂಲ ಫೋಟೊ) ತಿದ್ದುವವರಿಗಂತೂ ಕಾರ್ಡಿಗಿಂತ ಮುಂಚೆ ಎಸ್‌ಎಸ್‌ಡಿ (ಫೈಲ್ ಇಡುವ ವೇಗದ ಡ್ರೈವ್), 16 ಜಿಬಿ ರ‍್ಯಾಮ್ (ಕಂಪ್ಯೂಟರಿನದೇ ಮೆಮೊರಿ) ಬೇಕು. ಆ ರ‍್ಯಾಮನ್ನೂ ಎಂಟೆಂಟು ಜಿಬಿಯ ಜೋಡಿಯಾಗಿ ಹಾಕಿಸಿ, ತೂಬು ಎರಡಾದಂತೆ.